ಬತ್ಲವ್ವ ತೊಟ್ಟ ಅಂಗಿ

“ಫೋಟೋ ತಕ್ಕೋರಿ, ಬ್ಯಾಡ ಅನ್ನಂಗಿಲ್ಲ. ಮುಟ್ಟಬೇಕಂದ್ರ ಮುಟ್ರಿ. ಮ್ಯಾಲಿನ ಕೋರಾ ಅರಿವಿ ತಗದು ನೋಡಬೇಕಂದ್ರ ಅದನೂ ನೋಡ್ರಿ, ಆಕಿ ನಾಚಂಗಿಲ್ಲ. ಒಂದ ಮಾತು. ನಿಮ್ಮ ಮೈಮ್ಯಾಲಿನ ಅರಿವಿ ಮಾತ್ರ ಆಕಿಗೆ ಹಾಕಬ್ಯಾಡ್ರಿ.”

ಗವಿಯ ದೇವಿ ಬತ್ಲವ್ವನ ಬಗ್ಗೆ ಪುರ್ತಗೇರಿಯ ಸಣ್ಣವ್ವ ಹೀಗೆ ಹೇಳಿದಾಗ ಪರಶು ನಕ್ಕುಬಿಟ್ಟ. ನಗುವುದಕ್ಕೆ ಅವನಿಗೆ ಕಾರಣವಿತ್ತು. ಧಾರವಾಡದ ಕಲಾಶಾಲೆಯೊಂದರಲ್ಲಿ ಶಿಲ್ಪದ ಇತಿಹಾಸ ಕಲಿಸುವ ಅವನು ಹನ್ನೊಂದು ವರ್ಷಗಳಿಂದ ಒಂದೇ ಪುಸ್ತಕ ಬರೆಯುತ್ತಿದ್ದ: ಶಿಲ್ಪದಲ್ಲಿ, ಪುರಾಣದಲ್ಲಿ, ಕಾವ್ಯದಲ್ಲಿ ಬೆತ್ತಲೆ ಮೈ. ಈ ವಿಷಯದ ಮೇಲೆ ಅವನ ಭಾಷಣ ಕೇಳಿಸಿಕೊಳ್ಳದೆ ಪಾರಾದ ಕಾಲೇಜು ಈ ಭಾಗದಲ್ಲಿ ಕಡಿಮೆ. ಗೊಮ್ಮಟ ಬೆತ್ತಲೆ ನಿಂತ, ಬಳ್ಳಿಗೆ ಅವನ ತೊಡೆ ಹತ್ತಲು ಸಂಕೋಚವಾಗಲಿಲ್ಲ. ಭಿಕ್ಷಾಟನ ಶಿವ ಬೆತ್ತಲೆಯಾಗಿಯೇ ಋಷಿಪತ್ನಿಯರ ಬಾಗಿಲಿಗೆ ಹೋದ, ನಾಚಿದವರು ಋಷಿಗಳು. ಕಾಳಿ ಕಡಿದ ಕೈಗಳನ್ನು ಸೊಂಟಕ್ಕೆ ಕಟ್ಟಿಕೊಂಡಳೇ ಹೊರತು ಯಾರನ್ನೂ ಸೀರೆ ಕೇಳಲಿಲ್ಲ. ಇಡೀ ಪುರಾಣಲೋಕದಲ್ಲಿ ಬಟ್ಟೆ ಗೆದ್ದದ್ದು ಒಂದೇ ಸಲ, ದ್ರೌಪದಿಯ ಸಭೆಯಲ್ಲಿ, ಅದೂ ಅಲ್ಲಿ ಕೂತಿದ್ದ ಗಂಡಸರ ಯೋಗ್ಯತೆಯಿಂದಾಗಿ. “ಮೈ ಮೊದಲು ಬಂತು, ನಾಚಿಕೆಯನ್ನು ನಾವು ಆಮೇಲೆ ಕಲಿತೆವು” ಎಂದು ಅವನು ಮುಗಿಸುತ್ತಿದ್ದ. ಚಪ್ಪಾಳೆ ಬೀಳುತ್ತಿತ್ತು. ಹಿಂದಿನ ಬೆಂಚಿನವರು ಮೂರನೆಯ ಸ್ಲೈಡನ್ನು ಇನ್ನೊಮ್ಮೆ ತೋರಿಸಲು ಕೇಳುತ್ತಿದ್ದರು.

ಅಂಥವನಿಗೆ ಈ ಮುದುಕಿ ಕಲ್ಲಿಗೆ ಬಟ್ಟೆ ತೊಡಿಸಬೇಡ ಎನ್ನುತ್ತಿದ್ದಳು.

“ಯವ್ವಾ, ಊರ ಮಂದಿ ದೇವ್ರಿಗೆ ಅರಿವಿ ಹಾಕಾಕ ಬರ್ತಾರ, ನಾ ತಗ್ಯಾಕ ಬಂದಾಂವ. ನನ್ನ ಕಡಿಂದ ನಿಮ್ಮ ಬತ್ಲವ್ವಗ ಆ ಭಯ ಬ್ಯಾಡ.”

“ಭಯ ಆಕಿಗಲ್ರಿ,” ಎಂದಳು ಸಣ್ಣವ್ವ.

ಬತ್ಲವ್ವನ ಕೋರಾ ಅರಿವಿಯ ಪದ್ಧತಿಯನ್ನು ಪರಶು ಆಗಲೇ ಕೇಳಿ ಬರೆದುಕೊಂಡಿದ್ದ. ವರ್ಷಕ್ಕೊಮ್ಮೆ ಗಜೇಂದ್ರಗಡದ ಮಗ್ಗದಲ್ಲಿ ಒಂದು ಬಿಳಿ ತುಂಡು ನೇಯಿಸುತ್ತಾರೆ. ಮಗ್ಗದಿಂದ ಕತ್ತರಿಸಿದ ಬಟ್ಟೆಯನ್ನು ಯಾರೂ ಹೆಗಲ ಮೇಲೆ ಹಾಕುವಂತಿಲ್ಲ, ಕಂಕುಳಲ್ಲಿ ಇಡುವಂತಿಲ್ಲ. ಬಿದಿರುಕೋಲಿನ ತುದಿಗೆ ನೇತುಹಾಕಿ ಊರಿಗೆ ತರುತ್ತಾರೆ, ಕೋಲಿನಿಂದಲೇ ದೇವಿಗೆ ಹೊದಿಸುತ್ತಾರೆ. ಯಾರ ಮೈಯೂ ಸೋಕದ ಬಟ್ಟೆ. ಪರಶು ಅದರ ಕೆಳಗೆ ‘ಮಡಿಯ ಗೀಳು, ತೀರಾ ಇತ್ತೀಚಿನ ನಾಚಿಕೆ’ ಎಂದು ಷರಾ ಬರೆದು ಎರಡು ಗೆರೆ ಎಳೆದಿದ್ದ.

“ಮೈಮ್ಯಾಲಿಂದು ಹಾಕಿದ್ರ ಏನಾಗತೈತಿ?”

“ಆಕಿಗೆ ರುಂಡಿಲ್ಲ. ಯಾರ ಅರಿವಿ ಬಂತೋ ಅವರ ಮಾರಿ ಕೇಳ್ತಾಳ.” ಸಣ್ಣವ್ವ ತನ್ನ ಮುಖದ ಮೇಲೆ ಅಂಗೈ ಆಡಿಸಿ, ಗುಡ್ಡದ ಬುಡದ ಗವಿಯ ಕಡೆ ಗದ್ದ ಎತ್ತಿ ತೋರಿಸಿ, ಮೊಣಕಾಲು ಹಿಡಿದುಕೊಂಡು ಮನೆಯತ್ತ ತಿರುಗಿದಳು. “ನಾ ಒಳಗ ಬರಂಗಿಲ್ಲ. ಮೊಳಕಾಲ ಬ್ಯಾನಿ ಐತಿ.”

ಎರಡು ಸಾವಿರದ ಆರನೆಯ ಇಸವಿಯ ಏಪ್ರಿಲ್. ಮಧ್ಯಾಹ್ನದ ಹನ್ನೆರಡಕ್ಕೆ ಗುಡ್ಡ ಹೆಂಚಿನಂತೆ ಕಾದಿತ್ತು. ನೆತ್ತಿಯ ಮೇಲೆ ಹೊಸದಾಗಿ ನಿಂತ ಗಾಳಿಯಂತ್ರಗಳು ಯಾರಿಗೋ ಬೀಸಣಿಗೆ ಬೀಸುವಂತೆ ಭರ್ರ್, ಭರ್ರ್ ಎಂದು ತಿರುಗುತ್ತಿದ್ದವು. ಗವಿಯೆಂದರೆ ಬಗ್ಗಿ ನುಗ್ಗಬೇಕಾದ ಕಲ್ಲಿನ ಗೂಡು. ಪಕ್ಕದಲ್ಲಿ ಬಿಂದಿಗೆಗೆ ಒಂದು ಗಳಿಗೆ ಹಿಡಿಸುವಷ್ಟು ಒಸರುವ ಚಿಲುಮೆ. ಒಳಗೆ ಕಾಲಿಟ್ಟರೆ ಬಾವಲಿ ಹಿಕ್ಕೆಯ ಖಾರ ವಾಸನೆ, ಹಳೆಯ ಎಣ್ಣೆಯ ಜಿಡ್ಡು ವಾಸನೆ, ಅವೆರಡರ ಕೆಳಗೆ ಮತ್ತೊಂದು, ಈಗತಾನೇ ಜಳಕ ಮಾಡಿಸಿದ ಕೂಸಿನ ನೆತ್ತಿಯ ವಾಸನೆ. ಪರಶು ಕೊನೆಯದನ್ನು ಮೂಸಿ, ಅದು ಹಸಿ ಕಲ್ಲಿನದು ಎಂದು ತೀರ್ಮಾನಿಸಿದ.

ಅವನು ಕೋರಾ ಬಟ್ಟೆ ಎಳೆದ. ಕೋಲು ಹುಡುಕುವ ವ್ಯವಧಾನ ಅವನಿಗಿರಲಿಲ್ಲ, ಕೈಯಿಂದಲೇ ಎಳೆದು ಹೊರಗೆಸೆದ.

ಮೊಳದೆತ್ತರದ ವಿಗ್ರಹ. ಮೊಣಕಾಲು ಮಡಿಸಿ, ತೊಡೆ ಅಗಲಿಸಿ ಕೂತ ಹೆಂಗಸು. ಹೆರುತ್ತಿದ್ದಾಳೆ ಎನ್ನಬಹುದು, ಎಗರಲು ಸಿದ್ಧಳಾಗಿದ್ದಾಳೆ ಎಂದೂ ಎನ್ನಬಹುದು. ತುಂಬಿದ ಎದೆ, ಹೊಕ್ಕುಳ ಕೆಳಗಿನ ಮಡಿಕೆ, ಬೆರಳ ಉಗುರು ಸಹಿತ ಕೆತ್ತಿದ್ದ ಶಿಲ್ಪಿ ಕುತ್ತಿಗೆಗೆ ಬಂದು ನಿಲ್ಲಿಸಿದ್ದ. ತಲೆ ಒಡೆದು ಹೋದದ್ದಲ್ಲ. ಪರಶು ಬೆರಳಾಡಿಸಿ ನೋಡಿದ. ಅಂಗೈಯಗಲದ ಸಮತಟ್ಟು, ನುಣ್ಣನೆಯ, ಸವೆದಿಲ್ಲದ ಸಮತಟ್ಟು. ಏನನ್ನೋ ಇಡುವುದಕ್ಕೆ ಬಿಟ್ಟ ಜಾಗದಂತೆ.

ಫ್ಲಾಶ್ ಹೊಡೆದರೆ ಕಲ್ಲು ಸಪ್ಪೆಯಾಗುತ್ತದೆ. ಅದಕ್ಕೆ ಅವನು ತನ್ನ ಬಿಳಿ ಅಂಗಿ ಬಿಚ್ಚಿ ಗವಿಯ ಬಾಯಲ್ಲಿದ್ದ ಜಾಲಿಯ ಟೊಂಗೆಗೆ ಹರವಿದ. ಬಿಸಿಲು ಅಂಗಿಗೆ ಬಡಿದು ಒಳಗೆ ಹಾಲಿನಂತೆ ಚೆಲ್ಲಿತು. ಫೋಟೋದವರ ಹಳೆಯ ಯುಕ್ತಿ. ಮಂಡಿಯೂರಿ ಒಂದೊಂದಾಗಿ ಹೊಡೆಯುತ್ತ ಹೋದ. ರೀಲು ಮುಗಿಯಿತು.

ಆಗ ಹೊರಗೆ ಬಳೆ, ಬಿಂದಿಗೆ, ನಗೆ.

ಲಕ್ಕಲಕಟ್ಟಿಯ ಕೂಲಿ ಹೆಂಗಸರು ಉಳ್ಳಾಗಡ್ಡಿ ಕಿತ್ತು ನೀರಿಗೆ ಬಂದಿದ್ದರು. ಜೊತೆಗೆ ಸಾಲಿಗೆ ರಜೆ ಸಿಕ್ಕ ಎರಡು ಮೂರು ಹುಡುಗಿಯರ ದನಿ. ಪರಶುವಿಗೆ ಆ ಕ್ಷಣ ತಾನು ಹೇಗೆ ಕಾಣಬಹುದೆಂಬುದು ಕಂಡಿತು. ಅಂಗಿ ಬಿಚ್ಚಿದ ಗಂಡಸು, ಬರಿಮೈಯ ಹೆಂಗಸಿನ ತೊಡೆಯ ನಡುವೆ, ಕೈಯಲ್ಲಿ ಕ್ಯಾಮೆರಾ. ಹನ್ನೊಂದು ವರ್ಷದ ಭಾಷಣ ಅವನ ನೆರವಿಗೆ ಬರಲಿಲ್ಲ. ಕೋರಾ ಬಟ್ಟೆಯನ್ನು ಗಾಳಿ ಮುಳ್ಳುಕಂಟಿಯ ಆಚೆ ಒಯ್ದಿತ್ತು. ಅವನು ಟೊಂಗೆಯ ಮೇಲಿನ ಅಂಗಿಯನ್ನು ಕಿತ್ತುಕೊಂಡ. ತಾನೇ ತೊಟ್ಟುಕೊಳ್ಳಬಹುದಾಗಿತ್ತು, ಬುದ್ಧಿಯಿದ್ದವರು ಹಾಗೆಯೇ ಮಾಡುತ್ತಿದ್ದರು. ಆದರೆ ನಾಚಿಕೆಗೆ ಬುದ್ಧಿಗಿಂತ ಕೈ ಚುರುಕು. ಅಂಗಿಯನ್ನು ಕಲ್ಲಿಗೆ ಹೊದಿಸಿದ. ಎದೆಯ ಹತ್ತಿರ ಒಂದು ಗುಂಡಿಯನ್ನೂ ಹಾಕಿದ.

“ಯಾರ್ರೀ ಒಳಗ? ಅಂಗಿ ಎಲ್ಲೆ ಒತ್ತಿ ಇಟ್ಟು ಬಂದೀರಿ?” ಎಂದು ಒಬ್ಬಳು ಬಗ್ಗಿದಳು. ಉಳಿದವರು ಬಿದ್ದು ಬಿದ್ದು ನಕ್ಕರು. ಬಗ್ಗಿದವಳು ನಗಲಿಲ್ಲ. ಅವಳ ಕಣ್ಣು ಪರಶುವಿನ ಹೆಗಲು ದಾಟಿ ಒಳಗೆ ಹೋಯಿತು. ಬಾಯಿಗೆ ಸೆರಗು ಒತ್ತಿಕೊಂಡು ಹಿಂದೆ ಸರಿದಳು.

“ಬರ್ರೆಲೇ. ಲಗೂ ಬರ್ರಿ. ನೀರ ಬ್ಯಾಡ.”

ಖಾಲಿ ಬಿಂದಿಗೆಗಳು ಓಡಿ ಹೋದ ಸದ್ದು. ಆಮೇಲೆ ಗಾಳಿಯಂತ್ರ ಮಾತ್ರ.

ಪರಶು ಬೆವರು ಒರೆಸಿಕೊಂಡು ಅಂಗಿಯ ಗುಂಡಿ ಬಿಚ್ಚಿದ. ಗುಂಡಿ ಬಿಚ್ಚಿತು. ಅಂಗಿ ಬರಲಿಲ್ಲ. ತೋಳು ಎಳೆದ. ಕಾಲರು ಹಿಡಿದು ಎಳೆದ. ಕಲ್ಲಿನ ಕುತ್ತಿಗೆಯಲ್ಲಿ ಕಾಲರು ಬಿಗಿದಷ್ಟೂ ಅವನದೇ ಕೊರಳ ಚರ್ಮ ಬಿಗಿಯಿತು. ಬಿಟ್ಟ. ಸಡಿಲಾಯಿತು. ಮತ್ತೊಮ್ಮೆ ಎಳೆಯುವ ಮನಸ್ಸಾಗಲಿಲ್ಲ. ಎಣ್ಣೆಯ ಜಿಡ್ಡಿಗೆ ಅಂಟಿಕೊಂಡಿದೆ ಎಂದು ತನಗೆ ತಾನೇ ಹೇಳಿಕೊಂಡು ಬನಿಯನ್ನಿನಲ್ಲಿಯೇ ರಸ್ತೆಗೆ ನಡೆದ.

ಗಜೇಂದ್ರಗಡದ ಬಸ್‌ಸ್ಟ್ಯಾಂಡಿನಲ್ಲಿ ಬನಿಯನ್ ಹಾಕಿಕೊಂಡು ಇಳಿದ ಪ್ರಾಧ್ಯಾಪಕನನ್ನು ಯಾರೂ ತಿರುಗಿ ನೋಡಲಿಲ್ಲ. ಆ ಬಿಸಿಲಿನಲ್ಲಿ ಅರ್ಧ ಪೇಟೆ ಹಾಗೆಯೇ ಇತ್ತು. ನೋಡಿ ನಕ್ಕವನು ಉಮರ ಒಬ್ಬನೇ. ಬಸ್‌ಸ್ಟ್ಯಾಂಡಿನ ಎದುರಿಗೆ ಅವನ ಫೋಟೋ ಸ್ಟುಡಿಯೋ. ಬಣ್ಣದ ರೀಲುಗಳು ಹುಬ್ಬಳ್ಳಿಗೆ ಹೋಗುತ್ತಿದ್ದವು, ಕಪ್ಪು ಬಿಳುಪನ್ನು ಅವನು ಇನ್ನೂ ಹಿಂದಿನ ಕತ್ತಲೆ ಕೋಣೆಯಲ್ಲಿ ತಾನೇ ತೊಳೆಯುತ್ತಿದ್ದ. ಐದು ವರ್ಷದಿಂದ ಪರಶುವಿನ ಕಲ್ಲುಗಳೆಲ್ಲ ಅವನ ನೀರಿನಲ್ಲಿಯೇ ಕಣ್ಣು ಬಿಟ್ಟಿದ್ದವು.

“ಏನ್ರಿ ಸರ್, ಬರಕೋತ ಬರಕೋತ ನೀವೂ ಬತ್ಲಿ ಆಗಾಕ ಹತ್ತೀರಲ್ಲ. ಪಾಠ ಇನ್ನ ಅರ್ಧ ಉಳದೈತೇನು?”

“ಅಂಗಿ ಗವಿಯೊಳಗ ಸಿಕ್ಕೊಂಡು ಹರೀತೋ ಮಾರಾಯ.”

ಉಮರ ಮೊಳೆಗೆ ನೇತುಹಾಕಿದ್ದ ತನ್ನ ತಿಳಿನೀಲಿ ಅಂಗಿ ತೆಗೆದುಕೊಟ್ಟ. ಕಿಸೆಯ ಮೇಲೆ ಫೋಟೋ ತೊಳೆಯುವ ಔಷಧದ ಕಂದು ಕಲೆ. ಮೂರನೆಯ ಗುಂಡಿಯನ್ನು ಅವನ ಹೆಂಡತಿ ಹುಸ್ನಾ ಕೆಂಪು ದಾರದಲ್ಲಿ ಹೊಲಿದಿದ್ದಳು. “ಬಿಳಿ ದಾರ ಸಿಗಲಿಲ್ಲಂತ್ರಿ ಆಕಿಗೆ. ಎರಡು ವರ್ಷದಿಂದ ಇದನ್ನ ತೊಡಾಕತ್ತೇನಿ. ವಾಸನಿ ಬಂದ್ರ ಬೈಕೋಬ್ಯಾಡ್ರಿ.”

ವಾಸನೆ ಬಂತು. ಬೆವರು, ಔಷಧ, ಸ್ವಲ್ಪ ಅತ್ತರು. ಪರಶು ಮೂಗಿನಿಂದ ಗ್ರಹಿಸಿದ ಕೊನೆಯ ವಾಸನೆ ಅದು.

ಮರುದಿನ ಬೆಳಿಗ್ಗೆ ಲಾಡ್ಜಿನಿಂದ ಸ್ಟುಡಿಯೋಗೆ ಬಂದು ಕತ್ತಲೆ ಕೋಣೆಗೆ ಹೊಕ್ಕರೆ, ಹುಳಿಯ ಘಾಟು ಇಲ್ಲ. ಉಮರ ಔಷಧದ ತಟ್ಟೆಯನ್ನು ಅವನ ಮುಖದ ಕೆಳಗೇ ಹಿಡಿದ. ಕಣ್ಣಲ್ಲಿ ನೀರು ಬಂತು, ಮೂಗಿಗೆ ಏನೂ ಬರಲಿಲ್ಲ. ಪರಶು ಮಲ್ಲಿಗೆ ಮಾಲೆ ಮೂಸಿದ. ಸೀಮೆಎಣ್ಣೆ ಮೂಸಿದ. ಬಸ್‌ಸ್ಟ್ಯಾಂಡಿನ ಮೂತ್ರಿಖಾನೆಯ ಮುಂದೆ ಬೇಕೆಂದೇ ಎರಡು ಸಲ ಅಡ್ಡಾಡಿದ. ಅಲ್ಲಿಂದ ಮೂಗು ಮುಚ್ಚದೆ ಹೊರಬಂದ ಮೊದಲ ಮನುಷ್ಯ ಅವನೇ ಇರಬೇಕು. ದವಾಖಾನೆಯಲ್ಲಿ ವೈದ್ಯರು ನೆಗಡಿ ಎಂದರು. ನೆಗಡಿ ಇಲ್ಲವಲ್ಲ ಎಂದದ್ದಕ್ಕೆ, ಬರುತ್ತದೆ ಎಂದರು.

ಉಮರ ಸಮಾಧಾನಕ್ಕೆ, ಪುಸ್ತಕದ ಹಿಂದಿನ ರಟ್ಟಿಗೆ ಬೇಕಾಗುತ್ತದೆಂದು, ಅವನನ್ನು ಸ್ಟೂಲಿನ ಮೇಲೆ ಕೂರಿಸಿ ಒಂದು ಫೋಟೋ ಹೊಡೆದ. ಸಂಜೆ ಪ್ರಿಂಟು ತೊಟ್ಟಿಕ್ಕುತ್ತ ಹೊರಬಂತು. ಕೂದಲೆಳೆ ಎಣಿಸಬಹುದು, ಕಾಲರಿನ ಹೊಲಿಗೆ ಎಣಿಸಬಹುದು. ಮೂಗಿನ ಜಾಗದಲ್ಲಿ ಮಸಿಯ ಮೇಲೆ ಹೆಬ್ಬೆರಳು ಎಳೆದಂತೆ ಒಂದು ಮಬ್ಬು.

“ಅಲ್ಲಾಡಿದ್ರಿ ನೀವು.”

“ಬರೇ ಮೂಗು ಅಲ್ಲಾಡಿತೇನು?”

ಉಮರ ಪ್ರಿಂಟನ್ನು ದೀಪಕ್ಕೆ ಹಿಡಿದ. ಪರಶು ಗೋಡೆಯ ಕನ್ನಡಿಯಲ್ಲಿ ನೋಡಿಕೊಂಡ. ಮೂಗು ಇತ್ತು. ಆದರೆ ಅದರ ಅಂಚುಗಳು ಹೋಗಿದ್ದವು. ಹೊಳೆಯಲ್ಲಿ ಬಹಳ ಕಾಲ ಉರುಳಿದ ಕಲ್ಲಿನ ಮೇಲಿನ ಉಬ್ಬಿನಂತೆ ಇತ್ತು.

ಮೂರನೆಯ ದಿನ ಮಧ್ಯಾಹ್ನ ಹುಸ್ನಾ ಕಳಿಸಿದ ಡಬ್ಬಿ ಬಂತು. ರೊಟ್ಟಿ, ಬದನೆಕಾಯಿ ಎಣಗಾಯಿ, ಕೆಂಪು ಚಟ್ನಿ. ಉಮರ ಚಪ್ಪರಿಸಿ ತಿನ್ನುತ್ತಿದ್ದ. ಪರಶುವಿನ ಬಾಯಲ್ಲಿ ರೊಟ್ಟಿ ಒದ್ದೆ ಹಾಳೆಯಾಯಿತು. ಚಟ್ನಿ ನೆಕ್ಕಿದ. ಹಸಿಮೆಣಸಿನಕಾಯಿ ಕಚ್ಚಿದ, ಇನ್ನೊಂದು ಕಚ್ಚಿದ. ಮೂರನೆಯದನ್ನು ಬೀಜ ಸಮೇತ ಅಗಿಯುತ್ತ ಕೂತ. ಉಮರನ ತುತ್ತು ಅರ್ಧದಲ್ಲಿ ನಿಂತಿತು.

“ಸರ್, ಆ ಗವಿಯೊಳಗ ಏನ ಮಾಡಿ ಬಂದೀರಿ?”

ಪರಶು ಟಂಟಂ ಆಟೋ ಹಿಡಿದು ಪುರ್ತಗೇರಿಗೆ ಹೋದ.

ಗವಿಯ ಬಾಯಲ್ಲಿ ಬಾವಲಿಗಳಿರಲಿಲ್ಲ. ಒಳಗೆ ಬಿಳಿ ಅಂಗಿ ತೊಟ್ಟ ಕಲ್ಲು ಕೂತಿತ್ತು. ಸಮತಟ್ಟಾಗಿದ್ದ ಕುತ್ತಿಗೆಯ ಮೇಲೆ ತೆಂಗಿನಕಾಯಿಯಷ್ಟು ಉಂಡೆ ಎದ್ದಿತ್ತು. ಅದೇ ಕಪ್ಪು ಕಲ್ಲು, ಅದೇ ನುಣುಪು. ಉಂಡೆಯ ನಡುವೆ ಒಂದು ಮೂಗು. ಎಡಕ್ಕೆ ಕೊಂಚ ವಾರೆ. ಹೈಸ್ಕೂಲಿನಲ್ಲಿ ಚೆಂಡು ಬಡಿದು ವಾರೆಯಾದ ಆ ಮೂಗನ್ನು ಪರಶು ಎಲ್ಲಿದ್ದರೂ ಗುರುತಿಸಬಲ್ಲವನಾಗಿದ್ದ. ಅದರ ಕೆಳಗೆ ಒಂದು ಸೀಳು. ಸೀಳು ಒದ್ದೆಯಾಗಿತ್ತು. ಮೂಗಿನ ಹೊಳ್ಳೆಗಳು ಸಣ್ಣಗೆ ಅರಳಿದವು. ಅವನನ್ನು ಮೂಸಿದವು.

ಅವನು ಸಣ್ಣವ್ವನ ಮನೆಯ ತನಕ ಓಡಿದ್ದು ಅವನಿಗೆ ನೆನಪಿಲ್ಲ.

ಸಣ್ಣವ್ವ ಕಟ್ಟೆಯ ಮೇಲೆ ಹುಣಸೆಹಣ್ಣು ಕುಟ್ಟುತ್ತಿದ್ದಳು. ತಲೆ ಎತ್ತಲಿಲ್ಲ. “ಲಕ್ಕಲಕಟ್ಟಿ ಹೆಣಮಕ್ಕಳು ಹೇಳಿ ಹ್ವಾದ್ರು. ಹಾಕಿದಿ ಹೌದಿಲ್ಲೋ? ತಗ್ಯಾಕ ಬಂದಾಂವ ಅಂದಿದ್ದಿ.” ಸಾಹೇಬರ ಬಹುವಚನ ಹೋಗಿತ್ತು.

“ತಗಿಯೂದು ಹ್ಯಾಂಗ, ಹೇಳು ಯವ್ವಾ. ಏನ ಪೂಜಿ ಬೇಕು, ಮಾಡಸ್ತೇನಿ.”

“ಪೂಜಿ!” ಅವಳು ಬೀಜವೊಂದನ್ನು ಉಗುಳಿದಂತೆ ಎಂದಳು. “ಕೋರಾ ಅರಿವಿ ಆಕಿ ಮಾನ ಮುಚ್ಚಾಕ ಹಾಕ್ತೇವಂತ ಬರಕೊಂಡಿಯಲ್ಲ? ಜಾಗಾ ಮುಚ್ಚಾಕ ಹಾಕ್ತೇವಿ. ಆಕಿ ಮೈ ಖಾಲಿ ಇದ್ರ ಮಂದಿ ಬಿಡ್ತಾರೇನು? ಮದಲ ತಮ್ಮನ ಧೋತರ ತರ್ತಿದ್ರು, ಸವತಿ ಸೀರಿ ತರ್ತಿದ್ರು. ತಂದು ಹಾಕಿ ಹೋದ್ರ ಆತು, ಮಾಟಗಾರನ ಖರ್ಚೂ ಇಲ್ಲ. ನಮ್ಮ ಮನ್ಯಾಗ ದ್ಯಾವಪ್ಪ ಅಂತ ಇದ್ದ, ನಮ್ಮ ಮಾವನ ತಮ್ಮ. ಇಪ್ಪತ್ತಾರು ವರ್ಷ ಈ ಕಟ್ಟಿ ಮ್ಯಾಲ ಕಂಬಳಿ ಹೊತ್ಕೊಂಡು ಕುಂತಿದ್ದ. ಮಾರಿ ಅನ್ನೂದು ಕಾಲಿನ ಹಿಂಬಡದಂಗ ಆಗಿತ್ತು. ಬಾಯಿದ್ದಲ್ಲೆ ಒಂದು ತೂತು, ಅದರಾಗ ಗಂಜಿ ಬಿಡ್ತಿದ್ವಿ. ಹಗಲೋ ರಾತ್ರಿಯೋ ಅಂವಗ ಗೊತ್ತಿರಲಿಲ್ಲ. ಮುಟ್ಟಿದ್ರ ಬೆದರಿ ನಡಗ್ತಿದ್ದ. ಅವನ ಧೋತರ ಒಯ್ದು ಹಾಕಿದಾಂವ ನಮ್ಮ ಮಾವ. ಹೊಲದ ಸಲುವಾಗಿ.”

ಪರಶು ಕಟ್ಟೆಯಿಂದ ಒಂದು ಹೆಜ್ಜೆ ಹಿಂದೆ ಸರಿದ.

“ಮೂಗು, ನಾಲಿಗಿ. ನಾಳಿ ಕಿವಿ. ನಾಡದ ಕಣ್ಣು. ಅಷ್ಟ.”

“ಬಿಡಿಸ್ಕೊಂಡವರು ಯಾರೂ ಇಲ್ಲೇನು?”

ಸಣ್ಣವ್ವ ಕುಟ್ಟಿದ ಹುಣಸೆಯನ್ನು ಬುಟ್ಟಿಗೆ ಸುರಿದಳು. “ಇದ್ದಾರ. ಇನ್ನೊಬ್ಬರ ಮೈಮ್ಯಾಲಿಂದು ಹಾಕಿದ್ರ ಮದಲಿಂದು ಬಿಡ್ತಾಳ. ಅವರೆಲ್ಲ ಚಲೋ ಉಂಡು ತಿಂದು ಸತ್ರು. ನೀ ಹಂಗ ಮಾಡಬ್ಯಾಡ. ಅಂಗಿ ಹಾಕಿದಾಂವ ನೀನು. ನೀನ ಅನುಭೋಗಸು.”

ಮಾಟಮಂತ್ರದ ಬಗ್ಗೆ ಪರಶು ಒಂದು ಅಡಿಟಿಪ್ಪಣಿಯಲ್ಲಿ ನಾಲ್ಕು ಸಾಲು ನಗೆಯಾಡಿದ್ದ. ಆ ಸಂಜೆ ಲಾಡ್ಜಿನ ಮಂಚದ ಮೇಲೆ ಕೂತು ಅದೇ ವಿದ್ವತ್ತಿನಿಂದ, ಅದೇ ಶಿಸ್ತಿನಿಂದ ಅವನು ಯಾರ ಬಟ್ಟೆ ಎಂದು ಯೋಚಿಸಿದ. ಧಾರವಾಡದಲ್ಲಿದ್ದ ಹೆಂಡತಿಯ ನೆನಪಾಗಿ ನಾಚಿದ. ಲಾಡ್ಜಿನ ಮಾಲೀಕನ ಟವೆಲು ಹಗ್ಗದ ಮೇಲಿತ್ತು, ಆದರೆ ಅದರಿಂದ ಎಷ್ಟು ಗಿರಾಕಿಗಳು ಮೈ ಒರೆಸಿಕೊಂಡಿದ್ದರೋ. ತನ್ನ ಮೈಮೇಲಿನ ತಿಳಿನೀಲಿ ಅಂಗಿಯನ್ನು ನೋಡಿಕೊಂಡಾಗ ಮಾತ್ರ ನಾಚಿಕೆ ಬರಲಿಲ್ಲ. ಉಮರ ಎರಡು ವರ್ಷ ತೊಟ್ಟದ್ದು. ತಾನು ತೊಟ್ಟದ್ದು ಬರೀ ಮೂರು ದಿನ. ಯಾರ ಅಂಗಿ ಎಂದರೆ ಯಾವ ನ್ಯಾಯಾಲಯವೂ ಉಮರನದೇ ಎನ್ನುತ್ತದೆ. ಮೇಲಾಗಿ, ವಾಸನೆ ಹೋದರೆ ಫೋಟೋದವನಿಗೆ ಔಷಧದ ಘಾಟು ತಪ್ಪೀತು. ಕಿವಿ ಹೋದರೆ ಬಸ್‌ಸ್ಟ್ಯಾಂಡಿನ ಹಾರನ್ನು ತಪ್ಪೀತು. ಕಣ್ಣಿನ ವಿಷಯಕ್ಕೆ ಅವನು ಬರಲಿಲ್ಲ. ಅಲ್ಲಿಯೇ ನಿಲ್ಲಿಸಿ, ಪೇಟೆಗೆ ಹೋಗಿ ತನಗೊಂದು ಸಿದ್ಧ ಉಡುಪು ಕೊಂಡು ತೊಟ್ಟ. ನೀಲಿ ಅಂಗಿಯನ್ನು ಮಡಿಸಿ ಚೀಲಕ್ಕೆ ಹಾಕಿದ.

ನಾಲ್ಕನೆಯ ದಿನ ಬೆಳಿಗ್ಗೆ ಬಸ್ಸುಗಳು ಹತ್ತಿಯ ಮೇಲೆ ಓಡಾಡುತ್ತಿದ್ದವು. ಹತ್ತು ಗಂಟೆಗೆ ಆ ಸದ್ದೂ ಇಲ್ಲ. ಸ್ಟುಡಿಯೋದಲ್ಲಿ ಉಮರನ ಬಾಯಿ ತೆರೆದು ಮುಚ್ಚುತ್ತಿತ್ತು, ಗಾಜಿನ ಡಬ್ಬಿಯೊಳಗಿನ ಮೀನಿನಂತೆ. ಪರಶು ಚೀಟಿಯ ಮೇಲೆ ‘ಪುರ್ತಗೇರಿ, ಈಗಲೇ’ ಎಂದು ಬರೆದು ತೋರಿಸಿದ. ಉಮರ ಒಂದು ಮದುವೆಯ ಆಲ್ಬಮ್ಮಿಗೆ ಕಾಯುತ್ತಿದ್ದ ಗಿರಾಕಿಯನ್ನು ವಾಪಸು ಕಳಿಸಿ, ಅಂಗಡಿಯ ಬಾಗಿಲು ಎಳೆದು, ಸ್ಕೂಟರು ತೆಗೆದ. ದಾರಿಯುದ್ದಕ್ಕೂ ಅವನ ಬೆನ್ನು ಕುಲುಕುತ್ತಿತ್ತು. ಏನೋ ತಮಾಷೆ ಹೇಳಿ ಧೈರ್ಯ ತುಂಬುತ್ತಿದ್ದಿರಬೇಕು. ಪರಶು ಚೀಲವನ್ನು ಎದೆಗೆ ಒತ್ತಿ ಹಿಡಿದಿದ್ದ.

ಸ್ಕೂಟರು ರಸ್ತೆಯಂಚಿಗೆ ನಿಂತಿತು. ಉಮರ ಜೊತೆಗೆ ಬರಲು ಹೊರಟ. ಪರಶು ಅಂಗೈ ತೋರಿಸಿ ತಡೆದ. ಉಮರ ಬೇವಿನ ನೆರಳಿಗೆ ಸರಿದು ನಿಂತ.

ದೂರದಿಂದ ಸಣ್ಣವ್ವ ಕಂಡಳು. ಮೊಣಕಾಲ ನೋವಿನ ಮುದುಕಿ ಹೊಲದ ಬದುವಿನ ಮೇಲೆ ಎರಡೂ ಕೈ ಬೀಸುತ್ತ ಓಡಿಬರುತ್ತಿದ್ದಳು. ಬಾಯಿ ದೊಡ್ಡದಾಗಿ ತೆರೆದಿತ್ತು. ಸದ್ದಿಲ್ಲ. ಶಾಪ ಹಾಕುತ್ತಿದ್ದಾಳೆ ಎಂದುಕೊಂಡು ಪರಶು ಗವಿಗೆ ಬಗ್ಗಿದ.

ಕತ್ತಲೆ. ನಿಶ್ಶಬ್ದ. ಕಲ್ಲಿಗೆ ಈಗ ತಲೆ ಇತ್ತು. ಮೂಗು, ತುಟಿ, 
ಎರಡು ಕಿವಿ. ಕಣ್ಣಿನ ಜಾಗದಲ್ಲಿ ಎರಡು ಗುಳಿ. ಗುಳಿಯ ಆಳದಲ್ಲಿ ಏನೋ ಒದ್ದೆ, ಹೊರಳುವುದಕ್ಕೆ ಕಲಿಯುತ್ತಿತ್ತು.

ಪರಶು ಮಂಡಿಯೂರಿದ. ಚೀಲ ಬಿಚ್ಚಿದ. ನೀಲಿ ಅಂಗಿ ಕೊಡವಿದ. ಬಿಳಿ ಅಂಗಿಯ ಮೇಲೆಯೇ ಹೊದಿಸಿದ. ಗುಂಡಿ ಹಾಕಿದ. ಒಂದು. ಎರಡು. ಕೆಂಪು ದಾರದ ಮೂರನೆಯದು.

“ಉಮರ,” ಎಂದ. ತನ್ನ ದನಿ ತನಗೆ ಕೇಳಲಿಲ್ಲ. “ಉಮರನದು. ಉಮರನ ಮಾರಿ ತಗೋ.”

ಕೆಳಗಿನ ಬಿಳಿ ಅಂಗಿ ತಾನಾಗಿ ಜಾರಿತು. ಹಣ್ಣಿನ ಸಿಪ್ಪೆಯಂತೆ ಜಾರಿ ಅವನ ತೊಡೆಯ ಮೇಲೆ ಬಿತ್ತು.

ಮತ್ತು ಲೋಕ ಮರಳಿ ಬಂತು. ಒಮ್ಮೆಲೇ. ಬಾವಲಿ ಹಿಕ್ಕೆ, ಎಣ್ಣೆ, ಕೂಸಿನ ನೆತ್ತಿ. ನಾಲಿಗೆಯ ಮೇಲೆ ಬೆವರಿನ ಉಪ್ಪು. ಎಷ್ಟು ರುಚಿ ಆ ಉಪ್ಪು! ಕಿವಿಯಲ್ಲಿ ಗಾಳಿಯಂತ್ರದ ಭರ್ರ್, ಭರ್ರ್. ಪರಶು ಅಳುತ್ತ ನಕ್ಕ. ಅವನು ಬದುಕಿದ್ದ. ಇಡಿಯಾಗಿ ಬದುಕಿದ್ದ. ಗವಿಯ ಬಾಯಲ್ಲಿ ಸಣ್ಣವ್ವನ ಒಡೆದ ದನಿ ಕೇಳಿತು. ಸ್ಪಷ್ಟವಾಗಿ ಕೇಳಿತು.

“ಯಾರದರ ಇರಲೋ ಹುಚ್ಚಾ! ಆ ಅಂಗಿ ನಿನ್ನಿ ನಿನ್ನ ಮೈಮ್ಯಾಲ ಇತ್ತು. ಕಡೀಕ ತೊಟ್ಟಾಂವ ಯಾರು? ಅದರಾಗ ಹಸಿ ಇರೂದು ನಿನ್ನ ಬೆವರು!”

ನಗು ಬಾಯಲ್ಲಿಯೇ ಉಳಿಯಿತು.

ಅವನು ಗುಂಡಿಗೆ ಕೈ ಹಾಕಿದ. ಬಿಚ್ಚಿತು. ಅಂಗಿ ಬರಲಿಲ್ಲ. ಎಳೆದ. ಕೊರಳು ಬಿಗಿಯಿತು. ಎಳೆದ. ಉಸಿರು ಬಿಗಿಯಿತು. ಎರಡನೆಯ ಸಲ ಅವಳು ನಾಲ್ಕು ದಿನ ಕಾಯಲಿಲ್ಲ. ವಾಸನೆ ಹೋಯಿತು. ಉಪ್ಪು ಹೋಯಿತು. ತುಟಿಗೆ ತುಟಿ ಅಂಟಿತು. ಯಂತ್ರ ನಿಂತಿತು. ಸಣ್ಣವ್ವ ನಿಂತಳು. ಎದುರಿನ ಎರಡು ಗುಳಿಗಳಲ್ಲಿ ಬಿಳಿ ಮೂಡಿತು. ಬಿಳಿಯ ನಡುವೆ ಕಪ್ಪು. ರೆಪ್ಪೆ ಬಡಿಯಿತು. ಅವನು ತನ್ನ ಕಣ್ಣುಗಳು ತನ್ನನ್ನೇ ನೋಡುವುದನ್ನು ನೋಡಿದ. ಅರೆಗಳಿಗೆ. ಆಮೇಲೆ ನೋಡುವ ಕೆಲಸವೂ ಅವಳದೇ ಆಯಿತು.

ಸಣ್ಣವ್ವನ ಕಿರುಚಾಟ ಕೇಳಿ ಉಮರ ಓಡಿಬಂದಾಗ ಗವಿಯಿಂದ ಏನೋ ತೆವಳಿ ಹೊರಬರುತ್ತಿತ್ತು. ಹೊಸ ಅಂಗಿ, ಹೊಸ ಮಡಿಕೆಗಳು ಹಾಗೇ ಇದ್ದವು. ಕಾಲರಿನ ಮೇಲೆ ಇದ್ದದ್ದನ್ನು ನೋಡಿ ಉಮರ ಮುಖ ತಿರುಗಿಸಿ ವಾಂತಿ ಮಾಡಿಕೊಂಡ. ಬಾಯಿ ಒರೆಸಿಕೊಂಡು ಮತ್ತೆ ಬಂದ. ಅಂಥ ಮನುಷ್ಯ ಅವನು. ಪರಶುವಿನ ಕೈ ಹಿಡಿದ. ಆ ಕೈ ಬೆದರಿ ನಡುಗಿತು.

“ಏನಾರ ಮಾಡಾಕ ಬರತೈತೇನಬೇ, ಅಜ್ಜೀ? ಏನರ ಹೇಳು.”

ಸಣ್ಣವ್ವ ನೆಲ ನೋಡಿದಳು. ಅವಳು ಸುಳ್ಳು ಹೇಳಬಹುದಾಗಿತ್ತು. “ಇನ್ನೊಬ್ಬರು ತಮ್ಮ ಮೈಮ್ಯಾಲಿಂದು ಬಿಚ್ಚಿ ಹಾಕಿದ್ರ ಇವನಿಗೆ ಬಿಡಗಡಿ. ಹಾಕಿದವರಿಗೆ ಇದ ಗತಿ.”

ಉಮರ ಬೆವರಿನಿಂದ ತೊಯ್ದಿದ್ದ. ಅವನ ಕೈ ತನ್ನ ಅಂಗಿಯ ಮೇಲಿನ ಗುಂಡಿಗೆ ಹೋಯಿತು, ಗುಂಡಿ ಬಿಚ್ಚಿತು. ಸೆಕೆಗೆ ಬಿಚ್ಚಿದನೋ ಬೇರೆ ಯೋಚನೆಗೆ ಬಿಚ್ಚಿದನೋ, ಅವನೂ ಆಮೇಲೆ ಹೇಳಲಾರದೆ ಹೋದ. ಹುಸ್ನಾಳನ್ನು ನೆನೆಸಿಕೊಂಡಿರಬೇಕು, ನಿಂತ. ಒಮ್ಮೆ ನೋಡುವುದಕ್ಕೆಂದು ಗವಿಯೊಳಗೆ ಬಗ್ಗಿದ.

ಕಲ್ಲಿನ ಎದೆಯ ಮೇಲೆ ಕೆಂಪು ದಾರದ ಗುಂಡಿ ಕಂಡಿತು.

“ಇದು ನನ್ನ ಅಂಗಿ,” ಎಂದ. ದನಿ ಸಣ್ಣದಾಗಿತ್ತು. “ಅಜ್ಜೀ, ನನ್ನ ಅಂಗಿ ಇಲ್ಲಿ ಯಾಕ ಬಂತು?”

ಸಣ್ಣವ್ವ ಪರಶುವಿನ ಕಡೆ ನೋಡಿದಳು.

“ನಾ ಕೊಟ್ಟಿದ್ದೆ ಇವರಿಗೆ. ತೊಟ್ಕೋರಿ ಅಂತ ಕೊಟ್ಟಿದ್ದೆ.” ಅವನು ಪರಶುವಿನ ಕಡೆ ತಿರುಗಿದ. ಮುಖವಿಲ್ಲದವನ ಮುಖ ನೋಡಿ ಏನು ತಿಳಿಯುವುದಿತ್ತೋ, ಎಲ್ಲ ತಿಳಿಯಿತು. “ನನ್ನ ಹೆಸರು ಹೇಳಿ ಹಾಕ್ಯಾರೇನು?”

ಸಣ್ಣವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಏಪ್ರಿಲ್ಲಿನ ಆ ಉರಿಯಲ್ಲಿ ಉಮರ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ. ಕೊರಳು ಕಚ್ಚುವಂತೆ ಹಾಕಿಕೊಂಡ. ಪರಶುವನ್ನು ಕೈಹಿಡಿದು ನಡೆಸಿಕೊಂಡು ಹೋಗಿ ಸ್ಕೂಟರಿನ ಹಿಂದೆ ಕೂರಿಸಿದ. ಬಿಟ್ಟು ಹೋಗಲಿಲ್ಲ.

ಗಾಡಿ ಹೊರಟಿತು. ಬಯಲಿನ ಗಾಳಿ ಬಡಿಯುತ್ತಲೇ ಹಿಂದಿನಿಂದ ಹತ್ತು ಬೆರಳು ಬಂದು ಉಮರನ ಬೆನ್ನು ತಡವಿದವು. ಅಂಗಿಯ ಅಂಚು ಸಿಕ್ಕಿತು. ಹಿಡಿದುಕೊಂಡವು. ಬೀಳುವ ಭಯಕ್ಕೆ ಹಿಡಿದವೋ ಏನೋ. ಒಂದು ತಿರುವಿನಲ್ಲಿ ಎಳೆದವು. ತಿರುವಿಲ್ಲದ ಕಡೆಯೂ ಎಳೆದವು. ಹೆಗಲ ಹೊಲಿಗೆ ಚರ್ ಎಂದು ಒಂದೆರಡು ಎಳೆ ಬಿಟ್ಟಿತು.

ಉಮರ ಸ್ಕೂಟರು ನಿಲ್ಲಿಸಿ ಇಳಿದ.

“ಅಂಗಿ ಬಿಡ್ರಿ, ಸರ್.”

ಕೇಳುವವರು ಯಾರೂ ಇರಲಿಲ್ಲ. ಅವನು ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಹಿಂದಿನ ಚಕ್ರದ ಮೇಲಿನ ಕಾದ ಕಬ್ಬಿಣದ ಹಿಡಿಕೆಯ ಮೇಲೆ ಇಟ್ಟು, ಬಲವಾಗಿ ಅದುಮಿದ.